ಹಳೇ 407 ಟೋಯಿಂಗ್ ಗಾಡಿಗೆ ಟೈರ್ ಹಾಕಿಸ್ತಿದ್ದೀರಾ? ಹಿಂದಿನ ಜೋಡಿಯಿಂದ ಲೆಕ್ಕ ಶುರು ಮಾಡಿ

ಟೈರ್ ಅಂಗಡಿಗೆ ಹೋದ ಕೂಡಲೇ ನಮ್ಮೋರು ಕೇಳುವುದು ಎರಡೇ ಮಾತು. ಯಾವ ಕಂಪನಿ ಒಳ್ಳೇದು, ಜೋಡಿಗೆ ಎಷ್ಟಾಗುತ್ತೆ? ಎಂಆರ್‌ಎಫ್, ಅಪೊಲೊ, ಜೆಕೆ, ಸಿಯೆಟ್, ಯಾವುದಾದರೂ ಆಗಲಿ, ಕಂಪನಿ ವಿಚಾರ ಕೊನೆಗೆ ಇಟ್ಟುಕೊಳ್ಳಿ. ಕಾರು ಎತ್ತಿ ಎಳೆಯುವ ಗಾಡಿಗೆ ಮೊದಲು ಗೊತ್ತಿರಬೇಕಾದದ್ದು ಬೇರೆ. ಹುಕ್‌ಗೆ ಕಾರು ನೇತುಹಾಕಿದಾಗ ಹಿಂದಿನ ಹೌಸಿಂಗ್ (ಹಿಂದಿನ ಚಕ್ರಗಳ ಆಕ್ಸಲ್) ಮೇಲೆ ಎಷ್ಟು ತೂಕ ಕೂರುತ್ತೆ, ಆ ತೂಕವನ್ನು ಅಲ್ಲಿರುವ ನಾಲ್ಕು ಟೈರು ಸಮನಾಗಿ ಹೊರುತ್ತಿವೆಯಾ ಅನ್ನೋದು.

ಇಲ್ಲಿ ಹೇಳುತ್ತಿರುವುದು ಟಾಟಾ 407 ಥರದ ಆರು ಚಕ್ರದ ಹಳೇ ಗಾಡಿಗಳ ಬಗ್ಗೆ. 1986ರಲ್ಲಿ ಬಂದ ಗಾಡಿ ಅದು. ಮೊದಲು ಮೆಕ್ಕೆಜೋಳ, ಅಡಿಕೆ, ಇಟ್ಟಿಗೆ ಹೊತ್ತು, ಆಮೇಲೆ ಬಾಡಿ ಬಿಚ್ಚಿಸಿಕೊಂಡು ಹಿಂದೆ ಕಾರು ಎತ್ತುವ ಬೂಮ್ (ಉದ್ದನೆ ಕಬ್ಬಿಣದ ತೋಳು) ಕೂರಿಸಿಕೊಂಡು ಹೈವೇಗೆ ಇಳಿದ 407ಗಳು ನಮ್ಮ ಕಡೆ ಇನ್ನೂ ಓಡುತ್ತಿವೆ. ದೊಡ್ಡ ಲಾರಿ ಇದ್ದವರಿಗೂ ಲೆಕ್ಕ ಇದೇ, ಅಂಕಿ ಮಾತ್ರ ಬೇರೆ.

ಸರಿ, ತೂಕ. ಒಂದು ಜೀಪಿನ ಮುಂಭಾಗ ಎತ್ತಿದಿರಿ, ಹುಕ್ ಮೇಲೆ 750 ಕೆ.ಜಿ. ಬಿತ್ತು ಅಂತ ಇಟ್ಟುಕೊಳ್ಳಿ. ಹಿಂದಿನ ಟೈರಿಗೂ 750 ಕೆ.ಜಿ. ಜಾಸ್ತಿ ಆಯ್ತು ಅಂದುಕೊಂಡರೆ ಲೆಕ್ಕ ತಪ್ಪಿತು. ಹುಕ್ ಇರೋದು ಹೌಸಿಂಗ್‌ನಿಂದ ಇನ್ನೂ ಹಿಂದೆ. ಅಲ್ಲಿ ತೂಕ ಬಿದ್ದಾಗ ಮುಂದಿನ ಚಕ್ರ ಹಗುರ ಆಗುತ್ತೆ, ಅಲ್ಲಿ ಕಡಿಮೆಯಾದ ತೂಕವೂ ಬಂದು ಹಿಂದೆಯೇ ಕೂರುತ್ತೆ. ಮುಂದಿನ ಮತ್ತು ಹಿಂದಿನ ಚಕ್ರದ ನಡುವೆ 3 ಮೀಟರ್, ಹೌಸಿಂಗ್‌ನಿಂದ ಹುಕ್‌ಗೆ 2 ಮೀಟರ್ ಇದ್ದರೆ, ಮುಂದೆ 500 ಕೆ.ಜಿ. ಕಡಿಮೆಯಾಗಿ ಹಿಂದೆ 1250 ಕೆ.ಜಿ. ಏರುತ್ತೆ. ಬೂಮ್ ಉದ್ದ ಆದಷ್ಟೂ ಇದು ಇನ್ನೂ ಜಾಸ್ತಿ. ಸ್ಟೇರಿಂಗ್ ಗಾಳಿಯಲ್ಲಿ ತಿರುಗಿಸಿದ ಹಾಗೆ ಹಗುರ ಅನಿಸೋದೂ ಇದಕ್ಕೇ.

ಕಾಗದದ ಲೆಕ್ಕ ಬೇಡ ಅಂದರೆ ವೇಬ್ರಿಡ್ಜ್‌ಗೆ ಹೋಗಿ. ಮೆಕ್ಕೆಜೋಳದ ಊರಿದು, ದಾವಣಗೆರೆ ಸುತ್ತ ವೇಬ್ರಿಡ್ಜ್‌ಗೆ ಬರ ಇಲ್ಲ. ನೀವು ಸಾಮಾನ್ಯವಾಗಿ ಎಳೆಯುವುದರಲ್ಲಿ ಭಾರದ ಗಾಡಿಯನ್ನು ಎತ್ತಿಕೊಂಡು ಹೋಗಿ, ನಿಮ್ಮ ಹಿಂದಿನ ಚಕ್ರ ಮಾತ್ರ ಕಟ್ಟೆ ಮೇಲೆ ಬರೋ ಹಾಗೆ ನಿಲ್ಲಿಸಿ ತೂಕ ಹಾಕಿಸಿ. ಎತ್ತಿದ ಗಾಡಿಯ ಚಕ್ರ ಕಟ್ಟೆಗೆ ತಾಗಬಾರದು. ಆಮೇಲೆ ಮುಂದಿನ ಚಕ್ರ ಮಾತ್ರ ಇಟ್ಟು ಇನ್ನೊಂದು ಸಲ. ಎರಡು ಚೀಟಿ ಕೈಯಲ್ಲಿದ್ದರೆ ಅಂಗಡಿಯವರ ಮಾತು ಯಾವುದು ನಿಜ, ಯಾವುದು ವ್ಯಾಪಾರ ಅಂತ ನಿಮಗೇ ಗೊತ್ತಾಗುತ್ತೆ.

ಈಗ ಟೈರಿನ ಪಕ್ಕದ ಗೋಡೆ ಓದಿ. 407ರಲ್ಲಿ ಸಾಮಾನ್ಯವಾಗಿ ಕಾಣೋದು 7.50-16 ಅನ್ನೋ ಅಳತೆ. ಅಗಲ ಏಳೂವರೆ ಇಂಚು, ಡಿಸ್ಕ್, ಅಂದರೆ ಟೈರ್ ಕೂರುವ ಕಬ್ಬಿಣದ ಚಕ್ರ, 16 ಇಂಚು. ನಡುವೆ ಬರೀ ಗೆರೆ ಇದ್ದರೆ ನೈಲಾನ್ ಟೈರು (ಒಳಗಿನ ದಾರ ಓರೆಯಾಗಿ ಹೋಗಿರುತ್ತೆ), ಆ ಜಾಗದಲ್ಲಿ 'ಆರ್' ಇದ್ದರೆ ರೇಡಿಯಲ್ (ದಾರ ಅಡ್ಡಕ್ಕೆ ನೇರವಾಗಿರುತ್ತೆ). ಪಕ್ಕದಲ್ಲಿ 16 ಪಿಆರ್ (ಪ್ಲೈ ರೇಟಿಂಗ್) ಅಂತ ಇರುತ್ತೆ, ಅದು ಟೈರಿನ ಗಟ್ಟಿತನದ ಅಂದಾಜು. ಟೈರ್ ಒಳಗೆ ನಿಜವಾಗಲೂ 16 ಪದರ ಇರುತ್ತೆ ಅಂತ ತಿಳೀಬೇಡಿ.

ಇವೆಲ್ಲಕ್ಕಿಂತ ಮುಖ್ಯವಾದದ್ದನ್ನು ತುಂಬಾ ಜನ ನೋಡುವುದೇ ಇಲ್ಲ. 122/121 ಥರ ಜೋಡಿ ಅಂಕಿ ಇರುತ್ತೆ ನೋಡಿ, ಅದು ಹೊರುವ ಶಕ್ತಿ. ಮೊದಲನೆಯದು ಒಂಟಿಯಾಗಿ ಹಾಕಿದಾಗ, ಎರಡನೆಯದು ಜೋಡಿಯಾಗಿ ಹಾಕಿದಾಗ. 122 ಅಂದರೆ 1500 ಕೆ.ಜಿ., 121 ಅಂದರೆ 1450. ಹಿಂದಿನ ಚಕ್ರಕ್ಕೆ ಎರಡನೇ ಅಂಕಿಯನ್ನೇ ಹಿಡಿಯಬೇಕು. ಜೋಡಿಯಲ್ಲಿ ಎರಡು ಟೈರು ಯಾವತ್ತೂ ಅರ್ಧ ಅರ್ಧ ಹೊರುವುದಿಲ್ಲ, ರಸ್ತೆ ಓರೆ ಇದ್ದರೆ ಒಂದಕ್ಕೆ ಜಾಸ್ತಿ ಬೀಳುತ್ತೆ, ಅದಕ್ಕೇ ಜೋಡಿಗೆ ಅಂಕಿ ಕಡಿಮೆ. ನಾಲ್ಕು ಸೇರಿ 5800 ಕೆ.ಜಿ. ಆಯ್ತಲ್ಲ, ಇನ್ನೇನು ಚಿಂತೆ ಅಂತೀರಾ? ಅದು ಗಾಳಿ ಪೂರ್ತಿ ಇದ್ದು, ಟೈರು ಚೆನ್ನಾಗಿದ್ದು, ನಾಲ್ಕೂ ಒಂದೇ ಎತ್ತರ ಇದ್ದಾಗಿನ ಮಾತು. ಮತ್ತೆ, ಟೈರ್ ಎಷ್ಟೇ ಹೊತ್ತರೂ ಹೌಸಿಂಗ್, ಸ್ಪ್ರಿಂಗ್ ಪಟ್ಟಿ, ಬ್ರೇಕ್ ಹಳೇವೇ. ಆರ್‌ಸಿಯಲ್ಲಿರುವ ಒಟ್ಟು ತೂಕ ದಾಟಲು ಗಟ್ಟಿ ಟೈರ್ ಪರವಾನಗಿ ಕೊಡುವುದಿಲ್ಲ.

ಕೆಲವರು ಹಿಂದೆ 8.25-16 ಹಾಕಿಸಿಬಿಡ್ತೀನಿ ಅಂತ ಹೊರಡುತ್ತಾರೆ. ದಪ್ಪ ಟೈರ್, ಜಾಸ್ತಿ ಹೊರುತ್ತೆ ಅನ್ನೋ ಲೆಕ್ಕ. ಆದರೆ ಜೋಡಿ ಟೈರುಗಳ ನಡುವೆ ಇರಬೇಕಾದ ಸಂದು ಡಿಸ್ಕಿನ ಆಕಾರದಲ್ಲೇ ತೀರ್ಮಾನ ಆಗಿರುತ್ತೆ. ಅದೇ ಡಿಸ್ಕಿಗೆ ದಪ್ಪ ಟೈರ್ ಹಾಕಿದರೆ ಸಂದು ಕಿರಿದಾಗುತ್ತೆ. ಖಾಲಿ ಇದ್ದಾಗ ಪರವಾಗಿಲ್ಲ ಅನಿಸುತ್ತೆ, ಭಾರ ಬಿದ್ದು ಟೈರ್ ಉಬ್ಬಿದಾಗ ಪಕ್ಕದ ಗೋಡೆಗಳು ಒಂದಕ್ಕೊಂದು ಉಜ್ಜಿ ಬಿಸಿಯಾಗಿ ಒಳಗಿಂದಲೇ ಹಾಳಾಗುತ್ತವೆ. ಡಿಸ್ಕ್ ಸೆಟ್ಟೇ ಬದಲಾಯಿಸಿ, ಆ ಅಳತೆಗೆ ಕಂಪನಿ ಒಪ್ಪಿಗೆ ಇದ್ದರೆ ಬೇರೆ ಮಾತು. ಇಲ್ಲವಾದರೆ ಗಾಡಿಗೆ ಬಂದ ಅಳತೆಯಲ್ಲೇ ಇರಿ.

ಜೋಡಿ ಹೊಂದಿಸುವುದು ಹೇಗೆ ಅನ್ನೋದಕ್ಕೆ ಬರೋಣ. ದುಡ್ಡು ಉಳಿಯುವುದೂ ಹೋಗುವುದೂ ಇಲ್ಲೇ. ಒಳಗಿನ ಟೈರು, ಹೊರಗಿನ ಟೈರು ಎರಡೂ ಒಂದೇ ಡ್ರಮ್ಮಿಗೆ ಬಿಗಿದಿರುವುದರಿಂದ ಸುತ್ತು ಎರಡಕ್ಕೂ ಒಂದೇ. ಒಂದು ಚಿಕ್ಕದಿದ್ದರೆ ಅದು ಉರುಳುವುದರ ಜೊತೆಗೆ ಸ್ವಲ್ಪ ಸ್ವಲ್ಪ ಉಜ್ಜಿಕೊಂಡೂ ಹೋಗಬೇಕು, ಬೇರೆ ದಾರಿ ಇಲ್ಲ. ಸುತ್ತಳತೆಯಲ್ಲಿ 40 ಮಿ.ಮೀ. ವ್ಯತ್ಯಾಸ ಇದೆ ಅನ್ನಿ. ಈ ಅಳತೆಯ ಟೈರು ಒಂದು ಕಿಲೋಮೀಟರಿಗೆ ಹತ್ತಿರ ಹತ್ತಿರ 400 ಸುತ್ತು ಸುತ್ತುತ್ತೆ. ಅಂದರೆ ಕಿಲೋಮೀಟರಿಗೆ 16 ಮೀಟರ್ ಉಜ್ಜಾಟ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿ.ಮೀ., ಅಲ್ಲಿಗೆ ಹೋಗಿ ಮುಟ್ಟುವಷ್ಟರಲ್ಲಿ ಒಂದು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ ದೂರ ಆ ಟೈರನ್ನು ರಸ್ತೆ ಮೇಲೆ ಎಳೆದುಕೊಂಡೇ ಹೋಗಿರುತ್ತೀರಿ. ಇನ್ನೊಂದು ಕಡೆ ದೊಡ್ಡ ಟೈರು ಪಾಪ ತನ್ನ ಪಾಲಿನ ಜೊತೆ ಅದರ ಪಾಲನ್ನೂ ಹೊತ್ತು ಬಿಸಿಯಾಗಿರುತ್ತೆ. ಹೈವೇಯಲ್ಲಿ ಒಡೆಯುವುದು ಸಾಮಾನ್ಯವಾಗಿ ಆ ದೊಡ್ಡದೇ, ಆಮೇಲೆ 'ಹೊಸಾ ಟೈರ್ ಕಣ್ರೀ, ಕಂಪನಿನೇ ಸರಿ ಇಲ್ಲ' ಅಂತ ಬೈಯ್ಯೋದು.

8.25ರವರೆಗಿನ ಅಳತೆಯಲ್ಲಿ ಜೋಡಿಯ ಎತ್ತರದ ವ್ಯತ್ಯಾಸ 6 ಮಿ.ಮೀ. ಮೀರಬಾರದು, ಸುತ್ತಳತೆಯಲ್ಲಾದರೆ 19 ಮಿ.ಮೀ. 9.00-20, 10.00-20 ಥರದ ದೊಡ್ಡ ಲಾರಿ ಟೈರಿಗೆ ಇದರ ಎರಡರಷ್ಟು, ಅಂದರೆ 12 ಮತ್ತು 38. ಅಳೆಯೋದು ಕಷ್ಟ ಏನಲ್ಲ. ಟೈರಿಗೆ ಪೂರ್ತಿ ಗಾಳಿ ತುಂಬಿಸಿ, ಗಾಡಿಗೆ ಹಾಕುವ ಮುಂಚೆ ಬಟನ್ (ರಸ್ತೆಗೆ ತಾಗುವ ಗೆರೆ ಗೆರೆಯ ಮೇಲ್ಭಾಗ) ನಡುವೆ ಟೇಪ್ ಸುತ್ತಿ ನೋಡಿ. ಗಾಡಿಯಲ್ಲೇ ಇದ್ದರೆ ನಾಲ್ಕೂ ಟೈರಿನ ಹಿಂಬದಿಗೆ ತಾಗುವಷ್ಟು ಉದ್ದದ ನೇರ ಪಟ್ಟಿ ಒಂದನ್ನು ಅಡ್ಡ ಹಿಡಿಯಿರಿ. ಎಲ್ಲಿ ಸಂದು ಕಾಣುತ್ತೋ ಅದು ಚಿಕ್ಕ ಟೈರು. ವ್ಯತ್ಯಾಸ ಆ ಮಿತಿಯೊಳಗೇ ಇದ್ದರೂ ಚಿಕ್ಕದು ಒಳಗೆ, ದೊಡ್ಡದು ಹೊರಗೆ ಇರಲಿ, ಯಾಕೆಂದರೆ ನಮ್ಮ ರಸ್ತೆಗಳು ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುತ್ತವೆ.

ಹಾಗಾಗಿ ಹಿಂದೆ ಹಾಕುವುದಾದರೆ ನಾಲ್ಕೂ ಒಟ್ಟಿಗೆ, ಒಂದೇ ಕಂಪನಿ, ಒಂದೇ ಬಟನ್, ಒಂದೇ ಕಾಲದ ಸರಕು. ಎರಡಕ್ಕೆ ಮಾತ್ರ ದುಡ್ಡಿದೆಯಾ? ಹೊಸ ಎರಡನ್ನು ಮುಂದೆ ಹಾಕಿ, ಮುಂದೆ ಇದ್ದ ಎರಡನ್ನೂ ಹಿಂದೆ ಒಂದೇ ಬದಿಗೆ ಜೋಡಿಯಾಗಿ ತನ್ನಿ. ಬಲಕ್ಕೊಂದು ಎಡಕ್ಕೊಂದು ಹೊಸದು ಹಾಕಿ 'ಸಮ ಮಾಡಿದೆ' ಅನ್ನುವುದು ಎರಡೂ ಜೋಡಿ ಕೆಡಿಸುವ ಕೆಲಸ. ನೈಲಾನ್ ಒಂದು, ರೇಡಿಯಲ್ ಒಂದು ಅಂತೂ ಒಂದೇ ಆಕ್ಸಲ್‌ನಲ್ಲಿ ಬೇಡವೇ ಬೇಡ.

ನೈಲಾನಾ, ರೇಡಿಯಲ್ಲಾ? ಇದಕ್ಕೆ ನೇರವಾಗಿ ಹೇಳಿಬಿಡ್ತೀನಿ. ಎನ್‌ಎಚ್ 48ರಲ್ಲೇ ಹೆಚ್ಚು ಓಡುವ ಗಾಡಿಯಾದರೆ, ಹಿರಿಯೂರಿನಿಂದ ಹರಿಹರದವರೆಗೆ ಎಲ್ಲಿ ಕರೆದರೂ ಹೋಗುವವರಾದರೆ, ರೇಡಿಯಲ್ ಹಾಕಿ. ಕಡಿಮೆ ಬಿಸಿಯಾಗುತ್ತೆ, ಎಳೆತ ಹಗುರ, ಬಟನ್ ಜಾಸ್ತಿ ದಿನ ಬರುತ್ತೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಕಾದ ಡಾಂಬರಿನ ಮೇಲೆ ಕಾರು ಎಳೆಯುವಾಗ ಆ ಕಡಿಮೆ ಬಿಸಿಯೇ ದೊಡ್ಡ ಲಾಭ. ಹೊಸದುರ್ಗ, ಹೊಳಲ್ಕೆರೆ ಕಡೆ ಗಣಿ ದಾರಿ, ಕಲ್ಲು ಕ್ವಾರಿ, ಜಗಳೂರಿನ ಒಳ ಹಳ್ಳಿ ಅಂತ ಹೊಲದಲ್ಲಿ ಸಿಕ್ಕಿಬಿದ್ದ ಟ್ರ್ಯಾಕ್ಟರ್ ಎಳೆಯುವುದೇ ನಿಮ್ಮ ಕಸುಬಾದರೆ ನೈಲಾನೇ ಲೇಸು. ಪಕ್ಕದ ಗೋಡೆ ಗಟ್ಟಿ, ಕಲ್ಲು ಕೊರೆದರೂ ತಡೆದುಕೊಳ್ಳುತ್ತೆ, ರಿಪೇರಿಯೂ ಸುಲಭ. ರೇಡಿಯಲ್ ಹಾಕಿಸಿದರೆ ರೇಡಿಯಲ್ ಟ್ಯೂಬೇ ಹಾಕಿಸಬೇಕು, ಹಳೇ ನೈಲಾನ್ ಟ್ಯೂಬ್ ತುರುಕಬಾರದು. ಟ್ಯೂಬ್‌ಲೆಸ್ ಮಾತ್ರ ಈ ಲಾಕ್ ರಿಂಗ್ (ಟೈರನ್ನು ಡಿಸ್ಕಿನಲ್ಲಿ ಹಿಡಿದಿಡುವ ಬಿಡಿ ಬಳೆ) ಡಿಸ್ಕಿಗೆ ಆಗುವುದಿಲ್ಲ, ಸುಮ್ನೆ ಕೇಳಿ ನಗೆಪಾಟಲಾಗಬೇಡಿ.

ಬಟನ್ ವಿಚಾರ ಚಿಕ್ಕದು. ಮುಂದೆ ಉದ್ದ ಗೆರೆಯ ರಿಬ್. ಹಿಂದೆ ಸೆಮಿ ಲಗ್ (ನಡುವೆ ಗೆರೆ, ಅಂಚಿಗೆ ಅಡ್ಡ ಗಟ್ಟಿಗಳು) ಹಾಕಿದರೆ ಹೈವೇಗೂ ಆಯ್ತು, ಮಳೆಗಾಲದಲ್ಲಿ ರಸ್ತೆ ಬಿಟ್ಟು ಎರೆ ಮಣ್ಣಿಗೆ ಇಳಿದಾಗ ಹತ್ತಿ ಬರುವುದಕ್ಕೂ ಆಯ್ತು. ಪೂರ್ತಿ ಲಗ್ ಟೈರು ಟಾರು ರಸ್ತೆಯಲ್ಲಿ ಸದ್ದೂ ಜಾಸ್ತಿ, ಬಿಸಿಯೂ ಜಾಸ್ತಿ.

ಟೋಯಿಂಗ್ ಗಾಡಿಯ ಟೈರು ಸವೆದು ಸಾಯುವುದಕ್ಕಿಂತ ವಯಸ್ಸಾಗಿ ಸಾಯುವುದೇ ಹೆಚ್ಚು. ಓಡುವುದು ಕಡಿಮೆ, ಬಿಸಿಲಲ್ಲಿ ನಿಲ್ಲುವುದು ಜಾಸ್ತಿ. ಬಟನ್ ಆಳವಾಗಿದೆ, ಹೊಸದರ ಥರವೇ ಇದೆ ಅಂತ ನೋಡಿಕೊಂಡು ಕೂತರೆ ರಬ್ಬರ್ ಮಾತ್ರ ಒಣಗಿರುತ್ತೆ. ಪಕ್ಕದ ಗೋಡೆಯಲ್ಲಿ ಡಾಟ್ (DOT) ಅನ್ನೋ ಅಕ್ಷರದ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಹುಡುಕಿ. 3223 ಅಂತ ಇದ್ದರೆ 2023ರ 32ನೇ ವಾರದಲ್ಲಿ ತಯಾರಾಗಿದ್ದು. ಹೊಸದು ಕೊಳ್ಳುವಾಗ ವರ್ಷದೊಳಗಿನ ಸರಕು ಕೇಳಿ, ಗೋಡೌನ್‌ನಲ್ಲಿ ಬಿದ್ದಿದ್ದ ಹಳೇದಕ್ಕೆ ಡಿಸ್ಕೌಂಟ್ ಕೊಟ್ಟರೂ ಬೇಡ ಅನ್ನಿ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಬಿಚ್ಚಿಸಿ ಒಳಗೆ ಹೊರಗೆ ನೋಡಿಸಿ, ಹತ್ತು ವರ್ಷ ಆದದ್ದನ್ನು ಬಟನ್ ಎಷ್ಟೇ ಇದ್ದರೂ ತೆಗೆಯಿರಿ. ಐಎಸ್‌ಐ ಗುರುತೂ ಇರಬೇಕು, ಲಾರಿ ಟೈರಿಗೆ ಅದರ ನಂಬರ್ ಐಎಸ್ 15636.

ಸೆಕೆಂಡ್ ಹ್ಯಾಂಡ್ ಟೈರಿಗೆ ಕಪ್ಪು ಬಣ್ಣ ಬಳಿದು, ಸವೆದ ಬಟನ್‌ನಲ್ಲಿ ಮತ್ತೆ ಗೆರೆ ಕೊರೆದು ಮಾರುವುದು ಹೊಸದೇನಲ್ಲ. ಗೆರೆಯ ತಳದಲ್ಲಿ ಬೆರಳಾಡಿಸಿ. ಸವೆತದ ಗುರುತಿಗೆ ಅಂತ 1.6 ಮಿ.ಮೀ. ಎತ್ತರದ ಚಿಕ್ಕ ದಿಬ್ಬಗಳು ಅಲ್ಲಿ ಇರಬೇಕು. ದಿಬ್ಬವನ್ನೂ ಕೊರೆದು ಹಾಕಿದ್ದರೆ ಅಲ್ಲಿಂದ ಎದ್ದು ಬನ್ನಿ. ರೀಟ್ರೆಡ್, ಅಂದರೆ ಸವೆದ ಟೈರಿಗೆ ಹೊಸ ಬಟನ್ ಅಂಟಿಸುವುದು, ಬೇರೆ ಸಂಗತಿ. ಕೇಸಿಂಗ್ (ಟೈರಿನ ಒಡಲು) ಚೆನ್ನಾಗಿದ್ದು, ಒಳ್ಳೆ ಕಡೆ ಕೋಲ್ಡ್ ರೀಟ್ರೆಡ್ ಮಾಡಿಸಿದ್ದು ಹಿಂದಿನ ಚಕ್ರಕ್ಕೆ ನಡೆಯುತ್ತೆ, ಜೋಡಿ ಅಳತೆ ಮಾತ್ರ ಮತ್ತೆ ನೋಡಬೇಕು. ಮುಂದಕ್ಕೆ ರೀಟ್ರೆಡ್ ಹಾಕಬೇಡಿ. ಎತ್ತಿದಾಗ ಮೊದಲೇ ಹಗುರವಾಗಿರುವ ಚಕ್ರ ಅದು, ಇರುವ ಹಿಡಿತವನ್ನೂ ಯಾಕೆ ಕಳೆದುಕೊಳ್ಳಬೇಕು?

ಹಾಕಿಸುವ ದಿನ ಅಂಗಡಿ ಮುಂದೆ ಚಹಾ ಕುಡಿಯುತ್ತಾ ಕೂರಬೇಡಿ, ಹತ್ತಿರ ನಿಂತು ನೋಡಿ. ಹೊಸ ಟೈರಿಗೆ ಹೊಸ ಟ್ಯೂಬು, ಹೊಸ ಫ್ಲಾಪ್ (ಟ್ಯೂಬಿಗೂ ಡಿಸ್ಕಿಗೂ ನಡುವಿನ ರಬ್ಬರ್ ಪಟ್ಟಿ). ಹಳೇ ಟ್ಯೂಬ್ ಹಿಗ್ಗಿರುತ್ತೆ, ಒಳಗೆ ಮಡಿಚಿಕೊಂಡು ಅಲ್ಲೇ ಸೀಳುತ್ತೆ. ಡಿಸ್ಕಿನ ಬೋಲ್ಟ್ ತೂತು ಅಗಲ ಆಗಿದೆಯಾ, ಬಿರುಕು ಬಿಟ್ಟಿದೆಯಾ, ಲಾಕ್ ರಿಂಗ್ ತುಕ್ಕು ಹಿಡಿದು ಸೊಟ್ಟಗಾಗಿದೆಯಾ ನೋಡಿಸಿ. ರಿಂಗ್ ಸರಿಯಾಗಿ ಕೂರದೆ ಗಾಳಿ ತುಂಬಿದರೆ ಅದು ಹಾರಿ ಜೀವವನ್ನೇ ತೆಗೆಯಬಲ್ಲದು. ಪಂಜರದೊಳಗೆ ಇಟ್ಟು ಗಾಳಿ ಹಿಡಿಸುವ ಅಂಗಡಿಗೇ ಹೋಗಿ, ಆ ಹೊತ್ತಲ್ಲಿ ಯಾರೂ ಎದುರಿಗೆ ನಿಲ್ಲಬಾರದು. ಒಳಗಿನ ಮತ್ತು ಹೊರಗಿನ ಟೈರಿನ ವಾಲ್ವ್ ಎದುರುಬದುರು ಬರಲಿ, ಒಳಗಿನದಕ್ಕೆ ಉದ್ದನೆ ಪಿನ್ ಹಾಕಿಸಿ. ಕೈಗೆ ಸಿಗದ ವಾಲ್ವ್‌ನಿಂದಾಗಿಯೇ ಒಳಗಿನ ಟೈರಿನ ಗಾಳಿಯನ್ನು ತಿಂಗಳುಗಟ್ಟಲೆ ಯಾರೂ ನೋಡುವುದಿಲ್ಲ.

ಗಾಳಿ ನೋಡಬೇಕಾದದ್ದು ಬೆಳಿಗ್ಗೆ, ಗಾಡಿ ಓಡುವ ಮುಂಚೆ, ಮೀಟರ್ ಇಟ್ಟು. ಪಾನಾದಿಂದ ಟೈರಿಗೆ ಹೊಡೆದು ಸದ್ದು ಕೇಳಿದರೆ ಪೂರ್ತಿ ಗಾಳಿ ಹೋದದ್ದು ಗೊತ್ತಾಗುತ್ತೆ, 20 ಪೌಂಡ್ ಕಮ್ಮಿ ಇರುವುದು ಗೊತ್ತಾಗುವುದಿಲ್ಲ. ಓಡಿ ಬಿಸಿಯಾದಾಗ ಗಾಳಿ ಏರಿದೆ ಅಂತ ಬಿಡಬೇಡಿ, ತಣ್ಣಗಾದ ಮೇಲೆ ಅದೇ ಕಮ್ಮಿಯಾಗಿ ಕೂರುತ್ತೆ. ಜೋಡಿಯಲ್ಲಿ ಒಂದು ಪಂಕ್ಚರ್ ಆದರೆ 'ಇನ್ನೊಂದಿದೆಯಲ್ಲ, ಭರಮಸಾಗರದವರೆಗೆ ಹೋಗೋಣ' ಅನ್ನಬೇಡಿ. ಇಬ್ಬರ ಭಾರ ಹೊತ್ತ ಆ ಇನ್ನೊಂದೂ ಹೋಗುತ್ತೆ, ಇಲ್ಲವೇ ಗಾಳಿ ಇಲ್ಲದ ಟೈರು ಉಜ್ಜಿ ಬೆಂಕಿ ಹತ್ತುತ್ತೆ. ಎತ್ತಿದ ಕಾರನ್ನು ಇಳಿಸಿ, ಅಲ್ಲೇ ಬದಲಾಯಿಸಿ.

ಚಕ್ರ ಹಾಕಿದ ಮೇಲೆ 50ರಿಂದ 80 ಕಿ.ಮೀ. ಓಡಿಸಿ ನಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ, ಹೊರಗಿನದನ್ನು ಬಿಚ್ಚಿ ಹಾಕಿದ ಪ್ರತಿ ಸಲವೂ ಇದೇ. ಜೋಡಿ ನಡುವೆ ಕಲ್ಲು ಸಿಕ್ಕಿದ್ದರೆ ತೆಗೆದೇ ಹೊರಡಿ. ಸ್ಟೆಪ್ನಿಗೆ ತೀರಾ ಸವೆದದ್ದನ್ನು ಇಡಬೇಡಿ, ಹಿಂದಿನ ನಾಲ್ಕರ ಅರ್ಧ ಸವೆತಕ್ಕೆ ಹೊಂದುವಂಥದ್ದು ಇರಲಿ. ಬಿಲ್ ಮೇಲೆ ಪ್ರತಿ ಟೈರಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಕ್ಲೇಮ್ ಮಾಡುವಾಗ ಅಂಗಡಿಯವರು ಮೊದಲು ಕೇಳೋದು ಅದನ್ನೇ.