ನಂಬರ್ ಅಸಲಿ, ಕಾರು ಬೇರೆ

ಸ್ಟುಟ್‌ಗಾರ್ಟ್‌ಗೆ ಬಂದ ಮೇಲೆ ವಾರಾಂತ್ಯದಲ್ಲಿ ಹಳೆಯ ಪೋರ್ಷೆ 911 ಬಿಚ್ಚಿ ಜೋಡಿಸುವ ಕೆಲಸ ಹಚ್ಚಿಕೊಂಡೆ. ಈಗ ಪರಿಚಯದವರು ಕಾರು ಕೊಳ್ಳುವ ಮುಂಚೆ ಒಮ್ಮೆ ನೋಡಿ ಹೇಳು ಅಂತ ಕರೆಯುತ್ತಾರೆ. ಕಳೆದ ವರ್ಷ ನಮ್ಮ ಬೀದಿಯ ನಿವೃತ್ತ ಡಾಕ್ಟರ್ ಒಬ್ಬರು ಕರೆದರು. ಅವರ ಕಣ್ಣು 1973ರ ಕರೇರಾ ಆರ್‌ಎಸ್ 2.7 ಅನ್ನೋ ಅಪರೂಪದ 911 ಮೇಲೆ ಬಿದ್ದಿತ್ತು, ತಾಯಿಯ ಮನೆ ಮಾರಿದ ದುಡ್ಡು ಅದಕ್ಕೇ ಎತ್ತಿಟ್ಟಿದ್ದರು.

ಈ ಕಾರಿಗೆ ನಕಲಿ ಯಾಕೆ ಜಾಸ್ತಿ ಅಂದ್ರೆ, ರೇಸಿಗೆ ಅನುಮತಿ ಸಿಗಲು ಪೋರ್ಷೆ 500 ಕಾರು ಮಾಡಿದ್ರೆ ಸಾಕಿತ್ತು, ಕೊನೆಗೆ 1,580 ಆದವು, ಅಷ್ಟೇ. ಅದೇ ಕಾಲದ ಸಾದಾ 911ಟಿಗೂ ಇದಕ್ಕೂ ಹೊರಗಿನ ಆಕಾರ ಹೆಚ್ಚುಕಡಿಮೆ ಒಂದೇ. ಬಾತುಕೋಳಿ ಬಾಲದಂಥ ಆ ಸ್ಪಾಯ್ಲರ್, ಪಕ್ಕದ ಅಕ್ಷರಗಳು, ಹಿಂದಿನ 7 ಇಂಚಿನ ಅಗಲದ ಚಕ್ರ, ಎಲ್ಲವೂ ಅಂಗಡಿಯಲ್ಲಿ ಸಿಗುತ್ತವೆ. ಆದ್ರೆ ಬೆಲೆ ಮಾತ್ರ ಟಿಗಿಂತ ಹಲವು ಪಟ್ಟು.

ಮಾರುವವರು ಮೊದಲು ಫೈಲ್ ಕೊಟ್ಟರು. ನಾನು ತೆರೆಯಲಿಲ್ಲ. ಕಾಗದ ಮೊದಲು ಓದಿದರೆ ಕಣ್ಣು ಅದನ್ನೇ ಹುಡುಕುತ್ತೆ, ಅದಕ್ಕೆ ನಾನು ಯಾವತ್ತೂ ತಗಡಿನಿಂದಲೇ ಶುರು ಮಾಡೋದು. ಮುಂದಿನ ಡಿಕ್ಕಿಯ ಕಾರ್ಪೆಟ್ ಎತ್ತಿದೆ. ಚಾಸಿ ನಂಬರ್ 911360 ಅಂತ ಶುರುವಾಗಿತ್ತು. 911 ಮಾದರಿ, 3 ಅಂದ್ರೆ 1973, 6 ಅಂದ್ರೆ ಆರ್‌ಎಸ್. 911ಎಸ್ ಅನ್ನೋ ಇನ್ನೊಂದು ಮಾದರಿ ಆಗಿದ್ದರೆ 6ರ ಜಾಗದಲ್ಲಿ 3 ಇರುತ್ತಿತ್ತು. ಅಂಕಿಗಳ ಆಕಾರ, ಆಳ, ಸಾಲು ಎಲ್ಲಾ ಕಾರ್ಖಾನೆಯದೇ. ಎಂಜಿನ್ ನಂಬರ್ ಕೂಡ ಆರ್‌ಎಸ್‌ಗೆ ಇರಬೇಕಾದಂತೆ 663ರಿಂದಲೇ ಶುರು. ಡಾಕ್ಟರ್ ಮುಖ ಅರಳಿತು.

ನಾನು ಅಂಕಿಗಳ ಸುತ್ತ ಬೆರಳಾಡಿಸಿದೆ. ಒಂದು ಅಂಗೈ ಅಗಲದಾಚೆ ಸಣ್ಣ ಏರು. ಪೇಂಟ್ ದಪ್ಪ ಅಳೆಯುವ ಮೀಟರ್ ಇಟ್ಟರೆ ಆ ಗೆರೆಯುದ್ದಕ್ಕೂ ರೀಡಿಂಗ್ ಏಕಾಏಕಿ ಮೇಲೇರಿತು, ಅಂದ್ರೆ ಕೆಳಗೆ ಪುಟ್ಟಿ. ಕನ್ನಡಿ, ಟಾರ್ಚ್ ಹಿಡಿದು ಕೆಳಗಿಂದ ನೋಡಿದ್ರೆ ಚೌಕಾಕಾರದ ವೆಲ್ಡಿಂಗ್, ಗ್ರೈಂಡರ್ ಹೊಡೆದ ಗುರುತು.

ಇಲ್ಲಿ ಆತುರಪಡಬಾರದು. ಈ ಕಾರುಗಳಿಗೆ ತುಕ್ಕು ಸಹಜ, ಮುಂದಿನ ಭಾಗದ ತಗಡು ಬದಲಿಸಿದ ಅಸಲಿ ಆರ್‌ಎಸ್‌ಗಳನ್ನು ನಾನೇ ಬೇಕಾದಷ್ಟು ನೋಡಿದ್ದೇನೆ. ಅದು ಮೋಸ ಅಲ್ಲ. ಆದ್ದರಿಂದ ಇನ್ನೊಂದು ಸಾಕ್ಷಿ ಬೇಕು. ಚಾಸಿ ನಂಬರ್ ಅಲ್ಲದೆ ಪ್ರತಿ ಬಾಡಿಗೂ ಕಾರ್ಖಾನೆ ಒಂದು ಪ್ರೊಡಕ್ಷನ್ ನಂಬರ್ ಹಾಕುತ್ತಿತ್ತು, ಡ್ಯಾಶ್‌ಬೋರ್ಡ್ ಕೆಳಗಿನ ಪ್ಯಾಡ್ ಹಿಂದೆ. ಅದು ಗೊತ್ತಿರುವವರು ಕಡಿಮೆ. ಒಪ್ಪಿಗೆ ಕೇಳಿ ಪ್ಯಾಡ್ ಬಿಚ್ಚಿದೆ, ಫೋಟೋ ತೆಗೆದೆ. ಆಮೇಲೆ ಫೈಲ್ ತೆರೆದು ಪೋರ್ಷೆಯ ದಾಖಲೆ ಜೊತೆ ಇಟ್ಟು ನೋಡಿದರೆ ತಾಳೆಯಾಗಲಿಲ್ಲ. ಆರ್‌ಎಸ್‌ನಿಂದ ನಂಬರಿನ ತುಂಡು ಕತ್ತರಿಸಿ ಬೇರೆ 911 ಬಾಡಿಗೆ ಕೂರಿಸಿದ್ದರು.

"ನಂಬರ್ ಅಸಲಿ ತಾನೇ? ಎಚ್ ನಂಬರ್ ಪ್ಲೇಟ್ ಕೂಡ ಇದೆಯಲ್ಲ?" ಅಂತ ಮಾರುವವರು ವಾದಕ್ಕೆ ನಿಂತರು. ಜರ್ಮನಿಯಲ್ಲಿ ಎಚ್ ಪ್ಲೇಟ್ ಕೊಡೋದು 30 ವರ್ಷ ದಾಟಿದ, ಹಳೆಯ ರೂಪ ಉಳಿಸಿಕೊಂಡ ಕಾರಿಗೆ. ಇದು ಆರ್‌ಎಸ್ ಹೌದೋ ಅಲ್ಲವೋ ಅಂತ ಅದು ಹೇಳೋದಿಲ್ಲ. ನಂಬರ್ ವಿಷಯಕ್ಕೆ ನನ್ನ ಉತ್ತರ ನೇರವಾಗಿತ್ತು: ನೀವು ಮಾರುತ್ತಿರುವುದು ಅಂಗೈ ಅಗಲದ ಆರ್‌ಎಸ್, ಉಳಿದದ್ದೆಲ್ಲ ಚೆನ್ನಾಗಿ ಮಾಡಿದ ಪ್ರತಿಕೃತಿ. ಪ್ರತಿಕೃತಿ ಅಂತಲೇ ಹೇಳಿ ಮಾರಿದ್ದರೆ ನಾನೇ ತಗೊಳ್ಳಿ ಅನ್ನುತ್ತಿದ್ದೆ, ಕೆಲಸ ಅಷ್ಟು ಅಚ್ಚುಕಟ್ಟಾಗಿತ್ತು. ಅವರು ಬೆಲೆ ಇಳಿಸಲಿಲ್ಲ.

ಡಾಕ್ಟರ್ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ ಒಂದೇ ಪ್ರಶ್ನೆ ಕೇಳಿದರು: "ಹಾಗಾದ್ರೆ ಆ ತುಂಡು ಕತ್ತರಿಸಿದ ಕಾರು ಎಲ್ಲಿ?" ಬಹುಶಃ ಅಪಘಾತದಲ್ಲಿ ಮುಗಿದಿರಬಹುದು. ಇಲ್ಲಾ, ಯಾರೋ ಅದಕ್ಕೆ ಅದೇ ನಂಬರ್ ಮತ್ತೆ ಹೊಡೆದು ಓಡಿಸುತ್ತಿರಬಹುದು, ಒಂದೇ ನಂಬರಿಗೆ ಎರಡು ಕಾರು ಹುಟ್ಟೋದು ಹೀಗೇ. ಆ ನಂಬರ್ ನನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಇಲ್ಲಿನ ರೆಟ್ರೋ ಕ್ಲಾಸಿಕ್ಸ್ ಮೇಳಕ್ಕೆ ಹೋದಾಗ ಆರ್‌ಎಸ್ ಕಂಡರೆ ಕಾರ್ಪೆಟ್ ಎತ್ತಲು ಬಿಡ್ತೀರಾ ಅಂತ ಕೇಳುತ್ತೇನೆ. ಇನ್ನೂ ಸಿಕ್ಕಿಲ್ಲ.