ಗಿಡ್ಡ ನಳಿಗೆಗೆ ರೈಫಲ್ ತೋಟಾ ತುಂಬುವ ಬಗೆ

ಕೇಪಿನ ಕೋವಿ ನೋಡಿ ಬೆಳೆದವರಿಗೆ ಈಡು ತುಂಬುವುದು ಹೊಸ ಸಂಗತಿಯೇನಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ಗಿಡಿದು, ಚರೆ ಹಾಕಿ, ಮತ್ತೆ ನಾರು ಗಿಡಿದು, ಹಿಂದೆ ಕೇಪು ಸಿಕ್ಕಿಸಿದರೆ ಮುಗಿಯಿತು. ನಮ್ಮಜ್ಜನ ಅಳತೆ ಒಂದು ಬಿದಿರಿನ ತುಂಡು. ಈಗ ಟೆಕ್ಸಸ್‌ನಲ್ಲಿ ನನ್ನ ಗ್ಯಾರೇಜಿನ ಮೂಲೆಯಲ್ಲಿ, ರೈಫಲ್ ತೋಟಾ ಹಾರಿಸುವ ಪಿಸ್ತೂಲಿಗೆ ತೋಟಾ ತುಂಬುತ್ತಾ ನಾನು ಮಾಡುವುದೂ ಹೆಚ್ಚುಕಡಿಮೆ ಅದೇ ಕೆಲಸ. ಬಿದಿರಿನ ಬದಲು ಗ್ರೇನಿನ ಹತ್ತನೇ ಒಂದು ಪಾಲನ್ನೂ ತೋರಿಸುವ ತಕ್ಕಡಿ ಇದೆ, ಅಷ್ಟೆ. 7000 ಗ್ರೇನ್ ಸೇರಿದರೆ ಒಂದು ಪೌಂಡು. ಎಷ್ಟು ಸಣ್ಣ ತೂಕದ ಮಾತು ಅಂತ ಇದರಿಂದಲೇ ಗೊತ್ತಾಗುತ್ತದೆ.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಅಮೆರಿಕದ ಹವ್ಯಾಸ. ಇಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕಿಲ್ಲ, ಮಾರುವುದಾದರೆ ಬೇಕು. ಪಿಸ್ತೂಲಿನಲ್ಲಿ ಬೇಟೆಯಾಡುವ ನಿಯಮ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ನಮ್ಮ ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಲೈಸೆನ್ಸಿಲ್ಲದೆ ತೋಟಾ ತಯಾರಿಸಲು ಬಿಡುವುದಿಲ್ಲ, 1972ರ ವನ್ಯಜೀವಿ ಕಾಯ್ದೆ ಬೇಟೆಗೇ ಬಿಡುವುದಿಲ್ಲ. ಊರಲ್ಲಿದ್ದು ಓದುತ್ತಿರುವವರು ಓದಿ ತಿಳಿದುಕೊಂಡರೆ ಸಾಕು.

ಈಗ ಕೋವಿಯ ವಿಷಯ. ರೈಫಲ್ ತೋಟಾ ಹಾರಿಸುವ ಒಂಟಿ ಈಡಿನ ಪಿಸ್ತೂಲುಗಳಲ್ಲಿ ಎರಡು ಹೆಸರು ಮೊದಲು ಬರುತ್ತವೆ. ರೆಮಿಂಗ್ಟನ್ ಕಂಪನಿಯ, ಹಿಂದಿನ ಬೋಲ್ಟನ್ನು ಅಗುಳಿಯಂತೆ ಎಳೆದು ತೆರೆಯುವ ಎಕ್ಸ್‌ಪಿ-100 ಬಂದದ್ದು 1963ರಲ್ಲಿ. ನಮ್ಮೂರ ಒಂಟಿನಳಿಗೆ ಕೋವಿಯಂತೆ ನಡುವೆ ಮಡಚಿ ತೆರೆಯುವ ಥಾಂಪ್ಸನ್ ಸೆಂಟರ್ ಕಾಂಟೆಂಡರ್ ಬಂದದ್ದು 1967ರಲ್ಲಿ. ಹಿಡಿ ಒಂದೇ ಇಟ್ಟುಕೊಂಡು ನಳಿಗೆ ಬದಲಿಸಬಹುದು ಎಂಬುದೇ ಕಾಂಟೆಂಡರ್‌ನ ಹೆಚ್ಚುಗಾರಿಕೆ. ಬೆಳಿಗ್ಗೆ ಮೊಲಕ್ಕೆ ಪಾಯಿಂಟ್ ಟೂಟೂ ಎಂಬ ಪುಟ್ಟ ತೋಟಾ, ಸಂಜೆ ಜಿಂಕೆಗೆ ಥರ್ಟಿ-ಥರ್ಟಿ ಎಂಬ ರೈಫಲ್ ತೋಟಾ. ನನ್ನ ಬಳಿಯಿರುವುದು 14 ಇಂಚಿನ ಥರ್ಟಿ-ಥರ್ಟಿ ವಿಂಚೆಸ್ಟರ್ ನಳಿಗೆ. ಮುಂದೆ ಹೇಳುವುದೆಲ್ಲ ಅದನ್ನೇ ಇಟ್ಟುಕೊಂಡು.

ಅಂಗಡಿಯ ತೋಟಾ ಹಾಕಿದರೆ ಹಾರುವುದಿಲ್ಲವೇ? ಹಾರುತ್ತದೆ. ಆದರೆ ಅದನ್ನು ಮಾಡಿರುವುದು ರೈಫಲಿಗೆ. 150 ಗ್ರೇನ್ ಗುಂಡು ಸೆಕೆಂಡಿಗೆ 2390 ಅಡಿ ಎಂದು ಡಬ್ಬಿಯ ಮೇಲೆ ಬರೆದದ್ದು 24 ಇಂಚಿನ ನಳಿಗೆಯ ಲೆಕ್ಕ. ಗಿಡ್ಡ ನಳಿಗೆಯಲ್ಲಿ ನೂರಾರು ಅಡಿ ವೇಗ ಸೋರಿಹೋಗುತ್ತದೆ, ಉರಿದು ಮುಗಿಯದ ಮದ್ದು ಬಾಯಿಂದ ಬೆಂಕಿಯಾಗಿ ಹೊರಬೀಳುತ್ತದೆ. ಸಂಜೆ ಹೊತ್ತಿನಲ್ಲಿ ಒಂದು ಈಡು ಹೊಡೆದರೆ ಅರೆಗಳಿಗೆ ಕಣ್ಣು ಕತ್ತಲೆ.

ಹೊಸಬರು ಮದ್ದಿನ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ಅರ್ಧ ಕೆಲಸ ಇರುವುದು ಖಾಲಿ ಕೇಸಿನಲ್ಲಿ, ಅಂದರೆ ತೋಟಾದ ಹಿತ್ತಾಳೆ ಕೊಳವೆಯಲ್ಲಿ.

ಒಮ್ಮೆ ಹಾರಿಸಿದ ಹಿತ್ತಾಳೆ ಕೇಸುಗಳನ್ನು ಮೊದಲು ಬೆಳಕಿಗೆ ಹಿಡಿದು ನೋಡಿ. ಕುತ್ತಿಗೆಯಲ್ಲಿ ಸೀಳು ಕಂಡರೆ ಗುಜರಿಗೆ. ಬುಡದಿಂದ ಸ್ವಲ್ಪ ಮೇಲೆ ಹೊಳೆಯುವ ಉಂಗುರದಂಥ ಗೆರೆ ಕಂಡರೂ ಗುಜರಿಗೆ. ಅಲ್ಲಿ ಹಿತ್ತಾಳೆ ಒಳಗಿನಿಂದ ತೆಳುವಾಗಿದೆ. ಅನುಮಾನವಿದ್ದರೆ ಪೇಪರ್ ಕ್ಲಿಪ್ಪನ್ನು ನೆಟ್ಟಗೆ ಮಾಡಿ, ತುದಿಯನ್ನಷ್ಟೇ ಕೊಕ್ಕೆಯಂತೆ ಬಗ್ಗಿಸಿ, ಒಳಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಸವರಿ. ತೆಳುವಾದ ಕಡೆ ಹಳ್ಳಕ್ಕೆ ಬಿದ್ದಂತೆ ತುದಿ ತಡೆಯುತ್ತದೆ. ಉಳಿದವನ್ನು ತೊಳೆದು ಒಣಗಿಸಿ.

ಆಮೇಲೆ ಸೈಜಿಂಗ್. ಹಾರಿದಾಗ ಕೇಸು ಹಿಗ್ಗಿ ಚೇಂಬರಿನ, ಅಂದರೆ ನಳಿಗೆಯಲ್ಲಿ ತೋಟಾ ಕೂರುವ ಗೂಡಿನ, ಆಕಾರ ತಾಳಿರುತ್ತದೆ. ಅದನ್ನು ಪ್ರೆಸ್ಸಿಗೆ ಕೊಟ್ಟು ಡೈ ಎಂಬ ಉಕ್ಕಿನ ಅಚ್ಚಿನ ಒಳಗೆ ತಳ್ಳಿ ಮತ್ತೆ ಕಿರಿದು ಮಾಡಬೇಕು. ಅದೇ ಏಟಿಗೆ ಬುಡದಲ್ಲಿರುವ ಕಿಡಿಯ ಬಟ್ಟಲು, ಅಂದರೆ ಹಳೆಯ ಪ್ರೈಮರ್, ಕೆಳಗೆ ಉದುರುತ್ತದೆ. ಮೊದಲು ಕೇಸಿಗೆ ಲೂಬ್ ಎಂಬ ಜಿಡ್ಡು ಸವರುವುದನ್ನು ಮರೆಯಬೇಡಿ. ನಾನು ಮೊದಲ ವಾರವೇ ಮರೆತೆ. ಕೇಸು ಡೈ ಒಳಗೆ ಕಚ್ಚಿಕೊಂಡಿತು, ಸಿಟ್ಟಿಗೆದ್ದು ಹಿಡಿ ಎಳೆದರೆ ಬುಡದ ಅಂಚು ಕಿತ್ತು ಬಂತು, ಉಳಿದ ಹಿತ್ತಾಳೆ ಒಳಗೇ ಉಳಿಯಿತು. ಬುಡಕ್ಕೆ ತೂತು ಕೊರೆದು, ಅದರೊಳಗೆ ತಿರುಪು ಗೆರೆ ಕೊಯ್ದು, ಬೋಲ್ಟ್ ತಿರುಗಿಸಿ ಎಳೆಯುವುದರಲ್ಲಿ ಭಾನುವಾರವೇ ಹೋಯಿತು.

ಡೈ ಜೊತೆ ಬರುವ ಚೀಟಿ, ಡೈಯನ್ನು ಕೇಸಿನ ಬುಡ ಹಿಡಿಯುವ ಶೆಲ್ ಹೋಲ್ಡರಿಗೆ ತಾಗುವವರೆಗೆ ಇಳಿಸಿ ಎನ್ನುತ್ತದೆ. ಕಾಂಟೆಂಡರ್‌ಗೆ ಅದನ್ನು ಕಣ್ಣುಮುಚ್ಚಿ ಪಾಲಿಸಬೇಡಿ. ಥರ್ಟಿ-ಥರ್ಟಿಯ ಬುಡಕ್ಕೆ ಅಂಚಿದೆ, ಚೇಂಬರಿನಲ್ಲಿ ಅದು ನಿಲ್ಲುವುದು ಅಂಚಿನ ಮೇಲೆ. ಹಾಗಾಗಿ ಕೇಸಿನ ಭುಜದ, ಅಂದರೆ ಕುತ್ತಿಗೆಯ ಕೆಳಗಿನ ಇಳಿಜಾರಿನ, ಮುಂದೆ ಜಾಗ ಉಳಿದರೂ ಯಾರೂ ಗಮನಿಸುವುದಿಲ್ಲ. ಸೈಜ್ ಮಾಡುವಾಗ ಭುಜವನ್ನು ತೀರ ಹಿಂದಕ್ಕೆ ತಳ್ಳಿದರೆ ಪ್ರತಿ ಈಡಿಗೂ ಹಿತ್ತಾಳೆ ಮುಂದಕ್ಕೆ ಎಳೆದುಕೊಳ್ಳುತ್ತದೆ, ಕೆಲವೇ ಈಡಿಗೆ ಮೊದಲು ಹೇಳಿದ ಉಂಗುರ ಕಾಣಿಸಿಕೊಳ್ಳುತ್ತದೆ. ಸಾಲದಷ್ಟು ತಳ್ಳಿದರೆ ಇನ್ನೊಂದು ಪಜೀತಿ: ನಳಿಗೆ ಪೂರ್ತಿ ಕೂರುವುದಿಲ್ಲ, ಕೂರದೆ ಕಾಂಟೆಂಡರ್ ಸಿಡಿಯುವುದಿಲ್ಲ. ನನಗದು ಗೊತ್ತಾದದ್ದು ನವೆಂಬರಿನ ಒಂದು ಮುಂಜಾನೆ, ಎಂಬತ್ತು ಗಜದಲ್ಲಿ ಜಿಂಕೆ ನಿಂತಿದ್ದಾಗ. ಹಾಗಾಗಿ ಡೈಯನ್ನು ಒಂದು ಸುತ್ತು ಮೇಲೆ ಇಟ್ಟೇ ಶುರು ಮಾಡಿ. ಕೇಸನ್ನು ಸೈಜ್ ಮಾಡಿ, ಲೂಬ್ ಒರೆಸಿ, ಖಾಲಿಯಾಗಿಯೇ ಪಿಸ್ತೂಲಿಗೆ ಹಾಕಿ ಮುಚ್ಚಿ ನೋಡಿ. ಬಿಗಿ ಅನಿಸಿದರೆ ಡೈಯನ್ನು ಎಂಟನೇ ಒಂದು ಸುತ್ತಿನಷ್ಟು ಇಳಿಸಿ ಮತ್ತೆ ನೋಡಿ. ಟ್ರಂಕಿನ ಮುಚ್ಚಳದಂತೆ ಟಕ್ ಅಂತ ತಾನಾಗಿ ಕೂತ ಕಡೆ ನಿಲ್ಲಿಸಿ, ಡೈಯ ಲಾಕ್ ರಿಂಗ್ ಬಿಗಿ ಮಾಡಿ. ಇನ್ನೊಂದು ನಳಿಗೆ ಕೊಂಡರೆ ಈ ಕಸರತ್ತು ಮತ್ತೆ ಮೊದಲಿನಿಂದ.

ಕ್ಯಾಲಿಪರ್ ಹಿಡಿದು ಉದ್ದ ಅಳೆಯಿರಿ. ಥರ್ಟಿ-ಥರ್ಟಿ ಕೇಸಿನ ಗರಿಷ್ಠ ಉದ್ದ 2.039 ಇಂಚು, ಅಂದರೆ 51.8 ಮಿಲಿಮೀಟರ್. ಅದಕ್ಕಿಂತ ಬೆಳೆದದ್ದನ್ನು ಟ್ರಿಮ್ಮರಿನಲ್ಲಿ ಕತ್ತರಿಸಿ, ಬಾಯಿಯ ಒಳಹೊರಗಿನ ಮುಳ್ಳು ತೆಗೆಯಿರಿ. ಕೇಸಿನ ಮೇಲೆ ಲೂಬ್ ಚೂರೂ ಉಳಿಯಬಾರದು. ಜಿಡ್ಡಿನ ಕೇಸು ಚೇಂಬರಿನ ಗೋಡೆ ಹಿಡಿಯುವುದಿಲ್ಲ, ಹೊಡೆತವೆಲ್ಲ ಹಿಂದಿನ ಉಕ್ಕಿನ ಮೇಲೆ.

ಪ್ರೈಮರ್ ಎಂದರೆ ನಮ್ಮ ಕೇಪಿನ ಮೊಮ್ಮಗ. ಕೈಯಲ್ಲಿರುವುದು ಪಿಸ್ತೂಲಾದರೂ ಹಾಕಬೇಕಾದದ್ದು ರೈಫಲ್ ಪ್ರೈಮರನ್ನೇ. ಪಿಸ್ತೂಲಿನದರ ಬಟ್ಟಲು ತೆಳು, ಈ ಒತ್ತಡಕ್ಕೆ ಹೇಳಿ ಮಾಡಿಸಿದ್ದಲ್ಲ. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಒತ್ತಿ ಕೂರಿಸಿ, ಬುಡದ ಮೇಲೆ ಬೆರಳಾಡಿಸಿ. ಪ್ರೈಮರ್ ಕೂದಲೆಳೆಯಷ್ಟು ತಗ್ಗಿನಲ್ಲಿರಬೇಕು. ಉಬ್ಬಿದ್ದರೆ ಮಡಚುವ ಕೋವಿ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ.

ಮದ್ದು ಎಷ್ಟು ಗ್ರೇನ್ ಎಂದು ನಾನು ಬೇಕೆಂದೇ ಬರೆಯುತ್ತಿಲ್ಲ. ಅದನ್ನು ಯಾರ ಬಾಯಿಮಾತಿನಿಂದಲೂ ತೆಗೆದುಕೊಳ್ಳಬಾರದು, ನನ್ನದರಿಂದಂತೂ ಬೇಡ. ಹಾರ್ನಡಿ, ಸಿಯೆರಾ ಮುಂತಾದ ಗುಂಡು ಮಾಡುವವರ ಕೈಪಿಡಿಗಳಲ್ಲಿ ಒಂಟಿ ಈಡಿನ ಪಿಸ್ತೂಲಿಗೆಂದೇ ಪ್ರತ್ಯೇಕ ಪಟ್ಟಿಗಳಿವೆ. ರೈಫಲಿನ ಪಟ್ಟಿ ಬಿಟ್ಟು ಅದನ್ನು ತೆರೆಯಿರಿ, ಅತಿ ಕಡಿಮೆ ಅಳತೆಯಿಂದ ಶುರು ಮಾಡಿ. ಬೇಗ ಉರಿಯುವ ಮದ್ದು ಹಾಕಿದರೆ ಗಿಡ್ಡ ನಳಿಗೆಯಲ್ಲೂ ವೇಗ ಬರುತ್ತದೆ ಎಂದು ಬಹಳ ಜನ ನಂಬುತ್ತಾರೆ. ರೈಫಲಿನಲ್ಲಿ ಹೆಚ್ಚು ವೇಗ ಕೊಡುವ ಮದ್ದೇ ಇಲ್ಲೂ ಸಾಮಾನ್ಯವಾಗಿ ಮುಂದಿರುತ್ತದೆ. ಬೇಗ ಉರಿಯುವುದರಿಂದ ಸಿಗುವ ಲಾಭ ಬೆಂಕಿ, ಸದ್ದು ತಗ್ಗುವುದು. ಕಿವಿಯ ಹತ್ತಿರವೇ ಸಿಡಿಯುವ ಕೋವಿಗೆ ಅದೂ ಸಣ್ಣ ಲಾಭವಲ್ಲ. ಬೆಂಚಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ ಇರಲಿ, ಫೋನು ಇನ್ನೊಂದು ಕೋಣೆಯಲ್ಲಿರಲಿ. ಎಲ್ಲ ಕೇಸಿಗೂ ಸುರಿದಾದ ಮೇಲೆ ಟಾರ್ಚ್ ಹಿಡಿದು ಬಾಯೊಳಗೆ ಇಣುಕಿ. ಎಲ್ಲದರಲ್ಲೂ ಮದ್ದು ಒಂದೇ ಮಟ್ಟದಲ್ಲಿರಬೇಕು.

ಗುಂಡು ಆರಿಸುವಾಗ ಭಾರಿ ರೈಫಲಿಗೆ ಮಾಡಿದ ದಪ್ಪ ಕವಚದ ಗುಂಡು ಬೇಡ. ಈ ವೇಗಕ್ಕೆ ಅದು ಅರಳುವುದೇ ಇಲ್ಲ. ಜಿಂಕೆಯೊಳಗೆ ಸೂಜಿಯಂತೆ ತೂರಿಹೋದರೆ ಪ್ರಾಣಿ ನರಳುತ್ತಾ ಮೈಲಿಗಟ್ಟಲೆ ಓಡುತ್ತದೆ. ಕಡಿಮೆ ವೇಗದಲ್ಲಿ ಅರಳುವ 125, 130 ಗ್ರೇನ್ ಗುಂಡುಗಳಿವೆ, ಮೊನಚಾದವೂ ಸಿಗುತ್ತವೆ. ಎಷ್ಟು ಆಳಕ್ಕೆ ಕೂರಿಸಬೇಕು ಅನ್ನುವುದಕ್ಕೆ ಒಂದು ಉಪಾಯ: ಮದ್ದಿಲ್ಲದ, ಪ್ರೈಮರಿಲ್ಲದ ಕೇಸಿಗೆ ಗುಂಡನ್ನು ಉದ್ದಕ್ಕೆ ಬಿಟ್ಟು ಸಿಕ್ಕಿಸಿ, ಗುಂಡಿಗೆ ಕಪ್ಪು ಮಾರ್ಕರ್ ಬಳಿದು, ಚೇಂಬರಿಗೆ ತಳ್ಳಿ ತೆಗೆಯಿರಿ. ನಳಿಗೆಯ ತಿರುಪು ಗೆರೆಗಳು ಕಪ್ಪಿನ ಮೇಲೆ ಗೀರು ಬಿಟ್ಟಿರುತ್ತವೆ. ಗೀರು ಮಾಯವಾಗುವವರೆಗೆ ಚೂರುಚೂರೇ ಒಳಗೆ ಒತ್ತುತ್ತಾ ಬನ್ನಿ, ಕೈಪಿಡಿ ಕೊಟ್ಟ ಉದ್ದಕ್ಕಿಂತ ಗಿಡ್ಡವಾಗದಂತೆ ನೋಡಿಕೊಳ್ಳಿ. ಬಾಯಿ ಅಮುಕಿ ಕ್ರಿಂಪ್ ಮಾಡುವ ಅಗತ್ಯವಿಲ್ಲ. ಹಿಂದೇಟಿಗೆ ಅಲುಗಾಡಲು ಈ ಕೋವಿಯಲ್ಲಿ ಇನ್ನೊಂದು ತೋಟಾ ಕಾದು ಕೂತಿರುವುದಿಲ್ಲವಲ್ಲ.

ಒಂದೊಂದು ಅಳತೆಗೆ ಐದೈದು ತೋಟಾದಂತೆ ಮಾಡಿ ರೇಂಜಿಗೆ ಒಯ್ಯಿರಿ. ನಳಿಗೆ ಮಡಚಲು ಮೊಣಕಾಲು ಕೊಡಬೇಕಾಯಿತು, ಕೇಸು ಕಚ್ಚಿಕೊಂಡಿತು, ಪ್ರೈಮರ್ ಚಪ್ಪಟೆಯಾಯಿತು ಎಂದರೆ ಅಲ್ಲಿಗೆ ನಿಲ್ಲಿಸಿ. ಉಳಿದವನ್ನು ಮನೆಗೆ ತಂದು ಬಿಚ್ಚಿ. ಕಾಂಟೆಂಡರಿನ ಉಕ್ಕು ಥರ್ಟಿ-ಥರ್ಟಿಯಂಥ ಸೌಮ್ಯ ತೋಟಾಗಳಿಗೆ ಮಾಡಿದ್ದು. ತ್ರೀ-ನಾಟ್-ಎಯ್ಟ್ ಎಂಬ ಜೋರಿನ ರೈಫಲ್ ತೋಟಾದಷ್ಟು ಒತ್ತಡ ಬೇಕೆಂದವರಿಗೆ ಅದೇ ಕಂಪನಿ 1998ರಲ್ಲಿ ಎನ್‌ಕೋರ್ ಎಂಬ ದಪ್ಪ ಅಣ್ಣನನ್ನು ತಂದಿತು.

ಕೊನೆಗೆ ಡಬ್ಬಿಗೆ ಚೀಟಿ. ಮದ್ದು, ತೂಕ, ಗುಂಡು, ಪ್ರೈಮರ್, ತಾರೀಖು ಎಲ್ಲ ಅದರಲ್ಲಿರಲಿ. ಪಕ್ಕದ ಮನೆಯ ಮುದುಕಪ್ಪನ ಹತ್ತಿರ ಹಳೆಯ ಲಿವರ್ ರೈಫಲ್ ಇದೆ, ಅದೂ ಥರ್ಟಿ-ಥರ್ಟಿಯೇ. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೊಂದು ಮಲಗುತ್ತವೆ, ಒಂದರ ಮೂತಿ ಮುಂದಿನದರ ಪ್ರೈಮರಿಗೆ ಒತ್ತಿಕೊಂಡು. ನನ್ನ ಮೊನಚು ಗುಂಡು ಅಲ್ಲಿಗೆ ಹೋದರೆ ಹಿಂದೇಟಿನ ಕುಲುಕಾಟಕ್ಕೆ ಒಳಗೇ ಸಿಡಿಯಬಹುದು. ಕಳೆದ ಸೀಸನ್ನಿನಲ್ಲಿ ಆತ ಆರು ತೋಟಾ ಸಾಲ ಕೇಳಿದ. ಇಲ್ಲ ಅಂದೆ. ಬೇಜಾರು ಮಾಡಿಕೊಂಡ. ಅಂಗಡಿಯಿಂದ ಚಪ್ಪಟೆ ಮೂತಿಯದೊಂದು ಡಬ್ಬಿ ತಂದುಕೊಟ್ಟು ಬಂದೆ. ಮನೆಗೆ ಬಂದವನೇ ನನ್ನ ಡಬ್ಬಿಗಳ ಮೇಲೆಲ್ಲ ಕೆಂಪು ಮಾರ್ಕರಿನಲ್ಲಿ ದಪ್ಪಕ್ಷರದಲ್ಲಿ ಬರೆದೆ: ಪಿಸ್ತೂಲಿಗೆ ಮಾತ್ರ.