ಗಾಡಿ ಓಡ್ತದೆ, ಸೌಂಡ್ ಬರಲ್ಲ: ಡಿಕೋಡರ್ ಬಿಚ್ಚೋ ಮೊದಲು ಇಷ್ಟು ನೋಡಿ

ಕೊಡಗಲ್ಲಿ ರೈಲೇ ಇಲ್ಲ, ನಮಗೆ ಹತ್ತಿರದ ದೊಡ್ಡ ಸ್ಟೇಷನ್ ಅಂದ್ರೆ ಮೈಸೂರು, ಆದ್ರೂ ಅಟ್ಟದ ಮೇಲೆ ಪ್ಲೈವುಡ್ ಹಾಸಿ ಎಚ್‌ಓ ಸ್ಕೇಲ್ (1:87 ಅಳತೆ) ಮಾಡೆಲ್ ರೈಲಿನ ಹಳಿ ಹಾಕಿ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ನಿನ ಮಾಡೆಲ್ ಓಡಿಸೋ ಹುಚ್ಚು ಹತ್ತಿದ್ರೆ ಬಿಡಲ್ಲ. ಅದರೊಳಗಿನ ಸೌಂಡ್ ಡಿಕೋಡರ್, ಅಂದ್ರೆ ಕಂಟ್ರೋಲರ್ ಹಳಿ ಮೂಲಕ ಕಳಿಸೋ ಆಜ್ಞೆ ಓದಿ ಮೋಟರ್, ಲೈಟ್, ಸೌಂಡ್ ನಡೆಸೋ ಸಣ್ಣ ಸರ್ಕ್ಯೂಟ್, ಆಲ್ಕೋ ಕಂಪನಿ ಎಂಜಿನ್ನಿನ ಗುಡುಗುಡು ಶಬ್ದ ಹೊರಡಿಸ್ತಿದ್ರೆ ಅದರ ಗಮ್ಮತ್ತೇ ಬೇರೆ. ಜೂನ್‌ನಲ್ಲಿ ಮಳೆ ಹಿಡೀತು ಅಂದ್ರೆ ಮಾತ್ರ ತಕರಾರು ಶುರು. ಸೌಂಡ್ ಕಟ್ ಕಟ್ ಆಗ್ತದೆ, ಇಲ್ಲಾ ಪೂರ್ತಿ ನಿಲ್ತದೆ, ಕೂಡ್ಲೆ 'ಡಿಕೋಡರ್ ಹೋಯ್ತು' ಅಂತ ಎಲ್ಲರೂ ತಲೆ ಮೇಲೆ ಕೈ ಇಟ್ಕೊಳ್ತಾರೆ. ಡಿಕೋಡರ್ ನಿಜವಾಗಿ ಸಾಯೋದು ಕಡಿಮೆ ಕಣ್ರೀ. ಹಳಿಯಿಂದ ಶುರು ಮಾಡಿ ಮೇಲಕ್ಕೆ ಬನ್ನಿ, ಬಾಡಿ ಬಿಚ್ಚೋದು ಕೊನೆಗೆ.

ಮೊದಲು ಸುಲಭದ್ದು. ಕಂಟ್ರೋಲರಲ್ಲಿ ಎಫ್8 ಬಟನ್ ಒತ್ತಿ ನೋಡಿ. ಕೆಲವು ಡಿಕೋಡರ್‌ನಲ್ಲಿ ಅದು ಮ್ಯೂಟ್, ಇನ್ನು ಕೆಲವದರಲ್ಲಿ ಎಂಜಿನ್ ಸ್ಟಾರ್ಟ್ ಆಗೋದೇ ಎಫ್8ಗೆ ಅಥವಾ ಎಫ್1ಗೆ. ಮಕ್ಕಳು ಕಂಟ್ರೋಲರ್ ಮುಟ್ಟಿದ್ರೆ ಅರ್ಧ ಕೇಸ್ ಇಲ್ಲೇ ಮುಗೀತದೆ.

ಆಮೇಲೆ ಹಳಿ. ಸೌಂಡ್ ಮಧ್ಯೆ ಮಧ್ಯೆ ನಿಂತು ಮತ್ತೆ ಮೊದಲಿಂದ ಸ್ಟಾರ್ಟ್ ಆಗ್ತಿದೆ ಅಂದ್ರೆ ಕರೆಂಟ್ ಒಂದು ಕ್ಷಣ ತಪ್ಪಿ ಬರ್ತಿದೆ ಅಂತ ಅರ್ಥ. ಮೋಟರಿಗೆ ಫ್ಲೈವೀಲ್ (ತಿರುಗೋ ಭಾರದ ಚಕ್ರ) ಇರೋದ್ರಿಂದ ಗಾಡಿ ಹಾಗೇ ಮುಂದೆ ಹೋಗ್ತದೆ, ಆದ್ರೆ ಡಿಕೋಡರ್ ಒಳಗಿನ ಪ್ರೊಸೆಸರ್ ರೀಸ್ಟಾರ್ಟ್ ಆಗ್ಬಿಡ್ತದೆ, ಅದಕ್ಕೇ ಓಡೋದ್ರಲ್ಲಿ ಏನೂ ತೊಂದ್ರೆ ಕಾಣಲ್ಲ, ಸೌಂಡ್ ಮಾತ್ರ ಕೈ ಕೊಡ್ತದೆ. ನಮ್ಮ ಕಡೆ ತಿಂಗಳುಗಟ್ಲೆ ಗೋಡೆನೇ ಬೆವರ್ತದೆ, ಬೆಲ್ಟಿಗೆ ಚಪ್ಪಲಿಗೆ ಬೂಷ್ಟು ಬರ್ತದೆ, ಹಳಿ ಹೇಗೆ ಸುಮ್ನಿರುತ್ತೆ? ಹಿತ್ತಾಳೆ ಹಳಿ ಆದ್ರಂತೂ ಬೇಗ ಕಪ್ಪಾಗ್ತದೆ, ನಿಕಲ್ ಸಿಲ್ವರ್ ಸ್ವಲ್ಪ ತಡ್ಕೊಳ್ತದೆ. ಲಿಂಟ್ ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಮರಳು ಕಾಗದ ಹಿಡೀಬೇಡಿ, ಗೀರು ಬಿದ್ರೆ ಆ ಗೀರಲ್ಲೇ ಮತ್ತೆ ಕೊಳೆ ಕೂರ್ತದೆ. ಚಕ್ರಕ್ಕೂ ಅದೇ ಉಪಚಾರ: ಬಟ್ಟೆ ತುಂಡನ್ನ ಹಳಿ ಮೇಲೆ ಹಾಸಿ, ಎಂಜಿನ್ನಿನ ಒಂದು ಬೋಗಿ (ಅಡಿಯಲ್ಲಿರೋ ಚಕ್ರಗಳ ಸೆಟ್, ಡಬ್ಬಿ ಅಲ್ಲ) ಬಟ್ಟೆ ಮೇಲೆ ಇನ್ನೊಂದು ಬರೀ ಹಳಿ ಮೇಲೆ ಬರೋ ಹಾಗೆ ಇಟ್ಟು ಕೈಯಲ್ಲಿ ಹಿಡ್ಕೊಂಡು ಓಡಿಸಿ, ಬಟ್ಟೆ ಮೇಲೆ ಎರಡು ಕರಿ ಗೆರೆ ಬೀಳ್ತದೆ, ಗೆರೆ ಬೀಳೋದು ನಿಲ್ಲೋವರೆಗೂ ಬಟ್ಟೆ ಸರಿಸ್ತಾ ಹೋಗಿ. ಆಮೇಲೆ ತಿರುಗಿಸಿ ಇನ್ನೊಂದು ಬೋಗಿ.

ಹಳಿ ಫಳಫಳ ಅಂತಿದ್ರೂ ಒಂದೇ ಜಾಗದಲ್ಲಿ ಕಟ್ ಆಗ್ತಿದ್ರೆ ಆ ಜಾಗದಲ್ಲಿ ಎರಡೂ ಹಳಿಗೆ ತಾಗೋ ಹಾಗೆ ಒಂದು ರೂಪಾಯಿ ನಾಣ್ಯ ಇಡಿ. ಕಂಟ್ರೋಲರ್ ಟಕ್ ಅಂತ ಟ್ರಿಪ್ ಆಗಬೇಕು. ಆಗಲಿಲ್ವಾ, ಅಲ್ಲಿ ಹಳಿಗೆ ಕರೆಂಟ್ ತರೋ ಫೀಡರ್ ವೈರೋ, ಹಳಿ ತುಂಡು ಜೋಡಿಸೋ ಜಾಯಿನರೋ ಸಡಿಲ ಆಗಿದೆ, ನಾಣ್ಯ ತಕ್ಷಣ ತೆಗೀರಿ, ಬೆಸುಗೆ ಹಾಕಿ. ಕರೆಂಟ್ ತಪ್ಪಿದಾಗ ಒಂದು ಕ್ಷಣ ಡಿಕೋಡರ್ ನಡೆಸೋ ಕೀಪ್-ಅಲೈವ್ ಕೆಪಾಸಿಟರ್ ಹಾಕಿದ್ರೆ ಎಲ್ಲ ಸರಿಹೋಗ್ತದೆ ಅಂತ ಹೇಳೋರು ಇದ್ದಾರೆ, ಒಳ್ಳೇದೇ, ಆದ್ರೆ ಕೊಳಕು ಹಳಿ ಮುಚ್ಚಿಡೋಕೆ ಅದನ್ನ ಹಾಕೋದು ನಂಗೆ ಸರಿ ಕಾಣಲ್ಲ.

ಈಗ ಸಿವಿ, ಅಂದ್ರೆ ಡಿಕೋಡರ್ ಒಳಗೆ ನಂಬರ್ ಹಾಕಿ ಇಟ್ಟಿರೋ ಸೆಟ್ಟಿಂಗ್‌ಗಳು. ಹಾರ್ನ್ ಬರ್ತದೆ, ಲೈಟ್ ಬರ್ತದೆ, ಗಾಡಿ ಮಾತ್ರ ಅಲ್ಲಾಡಲ್ಲ ಅಂದ್ರೆ ಸಿವಿ 19 ನೋಡಿ, ಎರಡು ಎಂಜಿನ್ ಜೋಡಿಸಿ ಓಡಿಸಿದಾಗ ಹಾಕಿದ ಕನ್ಸಿಸ್ಟ್ ನಂಬರ್ ಅಲ್ಲೇ ಉಳಿದಿರ್ತದೆ, ಅದಕ್ಕೆ 0 ಬರೀರಿ. ಸೌಂಡ್ ಸಣ್ಣ ಆಗಿದ್ರೆ ಮಾಸ್ಟರ್ ವಾಲ್ಯೂಮ್ ನೋಡಿ, ಅದರ ಸಿವಿ ನಂಬರ್ ಡಿಕೋಡರ್ ಕಂಪನಿ ಮೇಲೆ ಹೋಗ್ತದೆ: ಇಎಸ್‌ಯು ಲೋಕ್‌ಸೌಂಡ್‌ನಲ್ಲಿ ಸಿವಿ 63, ಸೌಂಡ್‌ಟ್ರಾಕ್ಸ್ ಸುನಾಮಿಯಲ್ಲಿ 128, ಝಿಮೋದಲ್ಲಿ 266. ಏನೂ ಅರ್ಥ ಆಗಲಿಲ್ಲ ಅಂದ್ರೆ ಸಿವಿ 8ಕ್ಕೆ 8 ಬರೆದ್ರೆ ಈ ಕಂಪನಿಗಳ ಹೆಚ್ಚಿನ ಡಿಕೋಡರ್ ರೀಸೆಟ್ ಆಗ್ತದೆ. ರೀಸೆಟ್ ಆದ್ಮೇಲೆ ಅಡ್ರೆಸ್ (ಕಂಟ್ರೋಲರಲ್ಲಿ ಎಂಜಿನ್ ಕರೆಯೋ ನಂಬರ್) ಸಾಮಾನ್ಯವಾಗಿ 3ಕ್ಕೆ ಹೋಗ್ತದೆ, ಹಳೇ ನಂಬರಲ್ಲಿ ಕರೀತಾ ಕೂತು ಗಾಬರಿ ಆಗ್ಬೇಡಿ. ಮೊದಲೇ ಹಳೇ ಸೆಟ್ಟಿಂಗ್ ಒಂದು ಚೀಟಿಲಿ ಬರೆದಿಟ್ರೆ ಕ್ಷೇಮ.

ಸೆಟ್ಟಿಂಗ್ ಓದೋಕೆ ಬರೆಯೋಕೆ ಬೇರೆ ಇಟ್ಟ ಪ್ರೋಗ್ರಾಮಿಂಗ್ ಟ್ರಾಕ್‌ನಲ್ಲಿ ಸಿವಿ ಓದೋಕೆ ಆಗ್ತಿಲ್ಲ ಅಂತಾದ್ರೂ ಡಿಕೋಡರ್ ಸತ್ತಿದೆ ಅಂತಲ್ಲ. ಡಿಕೋಡರ್ 'ಹೂಂ' ಅನ್ನೋದು ಮೋಟರಿಗೆ ಸುಮಾರು 6 ಮಿಲಿಸೆಕೆಂಡ್ ಕರೆಂಟ್ ಕೊಟ್ಟು, ಕನಿಷ್ಠ 60 ಮಿಲಿಆಂಪ್ ಎಳೆದು. ಮೋಟರ್ ವೈರ್ ಬಿಟ್ಟಿದ್ರೆ, ಚಕ್ರ ಕೊಳೆ ಆಗಿದ್ರೆ ಆ ಉತ್ತರ ಬರಲ್ಲ. ಕೀಪ್-ಅಲೈವ್ ಇದ್ರೂ ಕೆಲವೊಮ್ಮೆ ಹಾಗೇ. ಮೇನ್ ಲೈನಲ್ಲೇ ಬರೆಯೋ ಮೋಡ್ ಬಳಸಿ, ಅದಕ್ಕೆ ಉತ್ತರ ಬೇಕಿಲ್ಲ.

ಇಷ್ಟಕ್ಕೂ ಆಗ್ಲಿಲ್ಲ ಅಂದ್ರೆ ಬಾಡಿ ತೆಗೀರಿ, ಕರೆಂಟ್ ಆಫ್ ಮಾಡಿ. ಸ್ಪೀಕರಿನ ಒಂದು ವೈರ್ ಬಿಡಿಸಿ ಮಲ್ಟಿಮೀಟರ್ ಹಿಡೀರಿ, 8 ಓಮ್ ಸ್ಪೀಕರ್ 7ರ ಆಸುಪಾಸು ತೋರಿಸ್ತದೆ, ಏನೂ ತೋರಿಸಲಿಲ್ಲ ಅಂದ್ರೆ ಅದರ ಕಾಯಿಲ್ ಹೋಗಿದೆ. ಗೋಣಿಕೊಪ್ಪಲೋ ವಿರಾಜಪೇಟೆಯೋ, ಮೊಬೈಲ್ ರಿಪೇರಿ ಅಂಗಡಿಲಿ ಕೇಳಿ, ಫೋನಿನ ಸಣ್ಣ ಸ್ಪೀಕರ್‌ಗಳಲ್ಲಿ 8 ಓಮಿಂದು ಸಿಗ್ತದೆ, ಮೀಟರ್ ಹಿಡಿದು ನೋಡಿಯೇ ತಗೊಳ್ಳಿ. ಹಿಂದೆ ಗಾಳಿ ಹೋಗದ ಡಬ್ಬಿ ಬೇಕೇ ಬೇಕು, ಇಲ್ಲಾಂದ್ರೆ ಮುಂದಿನ ಶಬ್ದನ ಹಿಂದಿನ ಶಬ್ದ ತಿಂದು ಸೊಳ್ಳೆ ಥರ ಕೇಳ್ತದೆ. ಡಿಕೋಡರ್ ಎಷ್ಟು ಓಮ್ ಇಂಪೀಡೆನ್ಸಿನ ಸ್ಪೀಕರ್ ಕೇಳ್ತದೆ ಅಂತ ಅದರ ಪುಸ್ತಕ ನೋಡಿ, ಹಳೇ ಲೋಕ್‌ಸೌಂಡ್ 3.5 ಕೇಳೋದು 100 ಓಮ್, ಅದಕ್ಕೆ 8 ಓಮಿಂದು ಹಾಕಿದ್ರೆ ಆಂಪ್ಲಿಫೈಯರ್ ಸುಡ್ತದೆ.

ಒಳಗೆ ತೇವ ಕಂಡ್ರೆ ಒಲೆ ಹತ್ರ ಇಡೋಕೆ ಹೋಗ್ಬೇಡಿ, ಪ್ಲಾಸ್ಟಿಕ್ ಬಾಡಿ ಸೊಟ್ಟ ಆಗ್ತದೆ. ಗಟ್ಟಿ ಮುಚ್ಚಳದ ಡಬ್ಬಕ್ಕೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಎರಡು ದಿನ ಬಿಡಿ. ಡಿಕೋಡರ್ ಮೇಲೆ ಸುಟ್ಟ ಕಲೆ, ಸುಟ್ಟ ವಾಸನೆ ಇದ್ರೆ ಮಾತ್ರ ಅದರ ಆಸೆ ಬಿಡಿ, ಆದ್ರೆ ಹೊಸದು ಸಿಕ್ಕಿಸೋ ಮೊದಲು ಡಿಕೋಡರ್ ತೆಗೆದಿಟ್ಟು ಮೋಟರಿನ ಎರಡು ಟರ್ಮಿನಲ್‌ಗೂ ಹಳಿ ಕಡೆಯ ವೈರಿಗೂ ಮಧ್ಯೆ ಮೀಟರ್ ಹಿಡೀರಿ. ಅಲ್ಲಿ ಬೀಪ್ ಬಂದ್ರೆ ಎರಡೂ ಎಲ್ಲೋ ಒಂದಕ್ಕೊಂದು ತಾಗಿವೆ ಅಂತ ಅರ್ಥ, ಹೊಸ ಡಿಕೋಡರೂ ಅದೇ ದಿನ ಹೊಗೆ ಬಿಡ್ತದೆ.